ಮೂವತ್ತಾರು ಇಂಚಿನ ಬಾಗಿಲು

ಜನವರಿ 9, ಗುರುವಾರ

ಇವತ್ತು ಆಸ್ಪತ್ರೆಯಿಂದ ಒಬ್ಬ ಹೆಂಗಸು ಟೇಪು ಹಿಡಿದು ನನ್ನ ಮನೆ ಅಳೆಯಲು ಬಂದಿದ್ದಳು. ನಲವತ್ತು ವರ್ಷ ಬೇರೆಯವರ ಕಿಟಕಿ ಅಳೆದು ಪರದೆ ಹೊಲಿದವಳು ನಾನು. ನನ್ನ ಮನೆಯನ್ನು ಇನ್ನೊಬ್ಬರು ಅಳೆಯುವಾಗ ಕೈಕಟ್ಟಿ ನಿಂತಿದ್ದು ಇದೇ ಮೊದಲು. ಅವಳ ಕೆಲಸವೇ ಇದಂತೆ. ಕೈಕಾಲು ಬಿದ್ದವರು ಆಸ್ಪತ್ರೆಯಿಂದ ಹೊರಡುವ ಮೊದಲು ಹೋಗಿ, ಮನೆ ಅವರಿಗೆ ಒಗ್ಗುತ್ತದೆಯೇ ಎಂದು ನೋಡಿ ಬರುವುದು.

ಮಗನ ಹೆಂಡತಿಯನ್ನು ಮೂರು ವಾರದಲ್ಲಿ ಮನೆಗೆ ಕಳಿಸುತ್ತಾರೆ. ಬೆನ್ನುಮೂಳೆ ಮುರಿದಿದೆ. ಸೊಂಟದ ಕೆಳಗೆ ಅಲುಗಾಟವಿಲ್ಲ, ಸ್ಪರ್ಶವೂ ತಿಳಿಯುವುದಿಲ್ಲ. ಇನ್ನು ಗಾಲಿಕುರ್ಚಿಯೇ. ತಂದೆ ತಾಯಿ ಇಲ್ಲದವಳು. ಅಣ್ಣನ ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅವಳೂ ನನ್ನ ಮಗನೂ ಇದ್ದ ಬಾಡಿಗೆ ಮನೆಯೂ ಮೆಟ್ಟಿಲು ಹತ್ತಿಯೇ ಹೋಗಬೇಕಾದದ್ದು. ನೆಲಕ್ಕೆ ಅಂಟಿದ ಮನೆ ಎಂದರೆ ನನ್ನದೊಂದೇ. ಅಣ್ಣ ಫೋನಿನಲ್ಲಿ ಅತ್ತ. ಮೂರು ತಿಂಗಳಿಗೆ ಒಪ್ಪಿಕೊಂಡೆ. ಅಷ್ಟರಲ್ಲಿ ಅವನು ಕೆಳಗಿನ ಮನೆ ಹುಡುಕಬೇಕು.

ಆ ದಿನ ಕಾರು ಓಡಿಸುತ್ತಿದ್ದವಳು ಅವಳು. ನನ್ನ ಮಗ ಪಕ್ಕದಲ್ಲಿ ಕೂತಿದ್ದ. ರಸ್ತೆಯಲ್ಲಿ ದೀಪವಿಲ್ಲದೆ ಒಂದು ಲಾರಿ ನಿಂತಿತ್ತು. ಅವನು ಕೂತಿದ್ದ ಬದಿ ಲಾರಿಯ ಕೆಳಗೆ ಹೋಯಿತು. ಎರಡು ತಿಂಗಳಾಯಿತು. ನಾನು ಆಸ್ಪತ್ರೆಗೆ ಒಂದು ಸಲವೂ ಹೋಗಿಲ್ಲ. ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ, ಹೋಗಬೇಕು ಎಂದು ಅನ್ನಿಸಲೂ ಇಲ್ಲ.

ಹಿಂದಿನ ಹೊಲಿಗೆ ಕೋಣೆ ತೋರಿಸಿದೆ. ಟೇಪಿನವಳು ಬಾಗಿಲಲ್ಲೇ ನಿಂತಳು.

"ಇದು ಇಪ್ಪತ್ತನಾಲ್ಕು ಇಂಚು ಅಮ್ಮ. ಕುರ್ಚಿನೇ ಒಳಗೆ ಬರಲ್ಲ. ಬಂದ್ರೂ ತಿರುಗೋಕೆ ಜಾಗ ಇಲ್ಲ."

"ಮಲಗಿರೋಳಿಗೆ ತಿರುಗೋ ಜಾಗ ಯಾಕೆ?"

ಅವಳು ಟೇಪನ್ನು ಸರ್ರನೆ ಒಳಗೆ ಬಿಟ್ಟುಕೊಂಡು ನನ್ನ ಮುಖ ನೋಡಿದಳು. "ಮಲಗಿರೋಕೆ ಕಳಿಸ್ತಿಲ್ಲ ನಾವು," ಎಂದಳು.

ಮುಂದಿನ ಕೋಣೆ ಯಾವುದು ಎಂದು ಕೇಳಿದಳು. ಬೀಗ ಹಾಕಿದೆ ಎಂದೆ. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಅಲ್ಲಿಂದಲೇ ಕಳಿಸಿಬಿಡುತ್ತಿದ್ದೆ.

ಜನವರಿ 11, ಶನಿವಾರ

ಬೀಗ ತೆಗೆದೆ. ಒಳಗೆ ಕೂಡಿಹಾಕಿದ ಗಾಳಿ. ಹನ್ನೊಂದು ಅಡಿಗೆ ಹನ್ನೆರಡು ಅಡಿ, ಪೂರ್ವಕ್ಕೊಂದು ಕಿಟಕಿ. ಅವನು ಓದುತ್ತಿದ್ದ ಮೇಜು, ಮದುವೆಯಾದ ಮೇಲೆ ತಂದ ಜೋಡಿ ಮಂಚ, ಬೀರು, ಬೀರುವಿನ ಮೇಲೆ ತಂತಿ ಹರಿದ ಬ್ಯಾಡ್ಮಿಂಟನ್ ರಾಕೆಟ್ಟು. ಇಬ್ಬರೂ ಬಂದಾಗಲೆಲ್ಲ ಇಲ್ಲೇ ಮಲಗುತ್ತಿದ್ದರು. ಆದರೂ ನನ್ನ ಬಾಯಲ್ಲಿ ಇದು ಮಗನ ಕೋಣೆಯೇ.

ಬಡಗಿಯನ್ನು ಕರೆಸಿದೆ. ನನ್ನ ಪರದೆಗಳಿಗೆ ಇಪ್ಪತ್ತು ವರ್ಷದಿಂದ ಕೋಲು ಕೂರಿಸುತ್ತಿರುವವನು. ಒಂದು ಮೊಳೆ ಹೊಡೆಯಲು ಮೂರು ಸಲ ಯೋಚಿಸುತ್ತಾನೆಂದು ಬೀದಿಯವರೆಲ್ಲ ಅವನನ್ನು ನಿಧಾನಪ್ಪ ಎನ್ನುತ್ತಾರೆ. ಅವನೂ ಆ ಹೆಸರಿಗೇ ಓಗೊಡುತ್ತಾನೆ.

"ಬಾಗಿಲು ಇಪ್ಪತ್ತೆಂಟು ಇದೆ ಅಕ್ಕ. ಮೂವತ್ತೆರಡು ಮಾಡಿದ್ರೆ ಸಾಕಲ್ವಾ?"

"ಮೂವತ್ತಾರು ಅಂದಿದ್ದಾರೆ."

"ಮೂವತ್ತಾರಕ್ಕೆ ಎಮ್ಮೆ ನುಗ್ಗುತ್ತೆ."

"ಎಮ್ಮೆಗಲ್ಲ, ಮೊಣಕೈಗೆ. ಚಕ್ರ ತಳ್ಳೋವಾಗ ಮೊಣಕೈ ತಾಗಬಾರದಂತೆ."

ಅವನು ಎರಡೂ ಮೊಣಕೈ ಚಾಚಿ, ಇಲ್ಲದ ಚಕ್ರ ತಳ್ಳುತ್ತ, ಬಗ್ಗಿಕೊಂಡು ಬಾಗಿಲು ದಾಟಿ ನೋಡಿದ. ಎರಡು ಕಡೆಯೂ ತಾಗಿತು. ಆಮೇಲೆ ತಮಾಷೆ ಮಾಡಲಿಲ್ಲ.

ಹೊರಡುವಾಗ, ಹಿತ್ತಲಲ್ಲಿ ಟ್ಯಾಂಕಿನ ಪೈಪು ಸೋರುತ್ತಿದೆ, ಅದನ್ನೂ ನೋಡಲೇ ಎಂದ. ಬೇಡ ಎಂದೆ.

ಜನವರಿ 16, ಗುರುವಾರ

ಟೇಪಿನವಳ ಪಟ್ಟಿ ಬಂತು. ಮಂಚದ ಎತ್ತರ ಕುರ್ಚಿಯ ಸೀಟಿನಷ್ಟೇ ಇರಬೇಕು, ಹಾಸಿಗೆ ಸೇರಿ ಇಪ್ಪತ್ತು ಇಂಚು. ಆಗ ಇದರಿಂದ ಅದಕ್ಕೆ ಜಾರಬಹುದು. ಮಂಚದ ಪಕ್ಕ ಐದಡಿ ಅಡ್ಡಳತೆಯ ಬಯಲು ಬೇಕು. ನೆಲದಲ್ಲಿ ಜಮಖಾನೆ, ಹೊಸ್ತಿಲು ಇರಕೂಡದು. ಬೀರುವಿನಲ್ಲಿ ಬಟ್ಟೆ ತೂಗುವ ಕೋಲು ಕೂತವರ ಕೈಗೆ ಎಟುಕಬೇಕು. ದೀಪದ ಗುಂಡಿ ಮಲಗಿದಲ್ಲಿಗೆ ಸಿಗಬೇಕು. ಬಚ್ಚಲಲ್ಲಿ ಹಿಡಿಕೆಗಳು.

ನನಗಿದು ಕಷ್ಟವೇನಲ್ಲ. ಕಾಗದದ ಮೇಲೆ ಕೋಣೆ ಬರೆದುಕೊಂಡೆ. ಮಂಚ ಬಾಗಿಲಿಗೆ ಎದುರಾಗಿ, ಅಡುಗೆಮನೆಯಿಂದಲೇ ಅವಳು ಕಾಣುವಂತೆ. ತಲೆಯ ಹತ್ತಿರ ಕರೆಗಂಟೆ. ಮೇಜು ಹೊರಗೆ, ಅವಳಿಗಿನ್ನು ಮೇಜಿನ ಕೆಲಸವೇನು. ಗೋಡೆಗೆ ತಿಳಿ ಹಳದಿ, ಕೊಳೆ ಕಾಣದ ಹಾಗೆ.

ಟೇಪಿನವಳು ಫೋನ್ ಮಾಡಿ ಎಲ್ಲ ಕೇಳಿಕೊಂಡಳು. "ಅವರನ್ನ ಒಂದು ಮಾತು ಕೇಳಿದ್ರಾ?" ಎಂದಳು.

ಅವಳನ್ನು ಕೇಳಬೇಕಂತೆ.

ಜನವರಿ 24, ಶುಕ್ರವಾರ

ಜೋಡಿ ಮಂಚ ಇಟ್ಟರೆ ಐದಡಿ ಬಯಲು ಸಿಗುವುದಿಲ್ಲ. ನಿಧಾನಪ್ಪ ಎರಡು ದಿನ ಮಂಚದ ಸುತ್ತ ಸುತ್ತಿದ. ಕೊನೆಗೆ, ಒಳ್ಳೆಯ ಮರ ಅಕ್ಕ, ಹೊಸದು ಯಾಕೆ, ಇದನ್ನೇ ಅರ್ಧ ಮಾಡೋಣ ಎಂದ. ನಾನು ಹೂಂ ಎಂದೆ.

ಗರಗಸ ಶುರುವಾದಾಗ ನಾನು ಅಲ್ಲೇ ನಿಂತಿದ್ದೆ. ಮಗ ಮಲಗುತ್ತಿದ್ದ ಬದಿ ಯಾವುದೆಂದು ನನಗೆ ಗೊತ್ತಿಲ್ಲ. ತಾಯಿಯಾದವಳಿಗೆ ಅದು ಗೊತ್ತಿರುವುದೂ ಇಲ್ಲ. ಅದು ಗೊತ್ತಿರುವುದು ಒಬ್ಬಳಿಗೇ.

ಇವತ್ತಿಗೆ ಸಾಕು.

ಫೆಬ್ರವರಿ 1, ಶನಿವಾರ

ಬಂದಳು. ಅಣ್ಣ ಕುರ್ಚಿ ತಳ್ಳಿಕೊಂಡು ಬಂದ. ದಾರಿಯುದ್ದಕ್ಕೂ ಮಾತಾಡಿ ಬಂದವನಂತೆ ಮನೆಯೊಳಗೂ ಮಾತಾಡುತ್ತಲೇ ಇದ್ದ. ಸುಮ್ಮನಾದರೆ ಏನೋ ಬಿದ್ದು ಒಡೆಯುತ್ತದೆ ಎಂಬ ಹೆದರಿಕೆ ಅವನಿಗೆ.

ಕೂದಲು ಗಿಡ್ಡ ಮಾಡಿದ್ದಾರೆ. ಮುಖ ಅರ್ಧವಾಗಿದೆ. ಕೈಗಳು ಮಾತ್ರ ಗಟ್ಟಿಯಾಗಿವೆ. ಬಾಗಿಲ ಬಳಿ ಅಣ್ಣನಿಗೆ ಬಿಡು ಎಂದು ಕೈಮಾಡಿ, ತಾನೇ ಚಕ್ರ ತಳ್ಳಿ ಒಳಗೆ ಹೋದಳು. ಮೊಣಕೈ ತಾಗಲಿಲ್ಲ. ಕೋಣೆಯ ನಡುವೆ ನಿಂತು ನಿಧಾನಕ್ಕೆ ಒಂದು ಸುತ್ತು ತಿರುಗಿದಳು. ಮಂಚದ ಮೇಲೆ ಕಣ್ಣು ನಿಂತಿತು.

"ಇದು ನಮ್ಮ ಮಂಚ," ಎಂದಳು.

"ಹೌದು. ಅರ್ಧ ಮಾಡಿಸಿದೆ."

ಅವಳು ತಲೆಯಾಡಿಸಿದಳು. ನಾನು ಊಟಕ್ಕೆ ಬಡಿಸಲು ಹೋದೆ. ನಾವು ಮೊದಲ ದಿನ ಆಡಿದ್ದು ಇಷ್ಟು.

ಫೆಬ್ರವರಿ 5, ಬುಧವಾರ

ಐದು ದಿನದಲ್ಲಿ ಒಂದು ಸಲವೂ ಕರೆಗಂಟೆ ಒತ್ತಿಲ್ಲ. ಇವತ್ತು ಒಳಗೆ ಹೋದಾಗ ನೀರಿನ ಲೋಟ ನೆಲದಲ್ಲಿ ಉರುಳಿತ್ತು, ಅವಳು ಮಂಚದ ಅಂಚಿಗೆ ಜೋತುಕೊಂಡು ಅದಕ್ಕೆ ಕೈಚಾಚಿದ್ದಳು. ಇನ್ನೊಂದು ಗೇಣು ಜಾರಿದ್ದರೆ ಕೆಳಗೆ.

"ಗಂಟೆ ಇಟ್ಟಿರೋದು ಯಾಕೆ? ಒತ್ತೋಕೆ ಏನಾಗಿತ್ತು?"

"ಒತ್ತಿದ್ರೆ ನೀವು ಬರ್ತೀರಲ್ಲ ಅತ್ತೆ, ಅದಕ್ಕೆ."

ಎತ್ತಿ ಕೂರಿಸಿದೆ. ಕೋಪ ಬರಬೇಕಿತ್ತು. ಅಡುಗೆಮನೆಗೆ ಹೋಗಿ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ.

ಫೆಬ್ರವರಿ 13, ಗುರುವಾರ

ಚಳಿ ಬಿದ್ದಿದೆ. ಅವಳ ಪಾದ ಮುಟ್ಟಿದರೆ ಕಲ್ಲು ಮುಟ್ಟಿದ ಹಾಗೆ. ನಡುಗುವುದು ಸೊಂಟದಿಂದ ಮೇಲೆ ಮಾತ್ರ. ಸಂಜೆ ರಬ್ಬರಿನ ಚೀಲಕ್ಕೆ ಬಿಸಿನೀರು ತುಂಬಿ, ಟವೆಲು ಸುತ್ತಿ, ಪಾದದ ಬುಡದಲ್ಲಿ ಇಟ್ಟೆ. ಅವಳು ನಿದ್ದೆಯಲ್ಲಿದ್ದಳು. ಎಬ್ಬಿಸಿ ಕೇಳುವ ಮನಸ್ಸಾಗಲಿಲ್ಲ.

ಫೆಬ್ರವರಿ 14, ಶುಕ್ರವಾರ

ಬೆಳಿಗ್ಗೆ ಹೊದಿಕೆ ಸರಿಸಿದರೆ ಎಡ ಹಿಮ್ಮಡಿಯಲ್ಲಿ ಅಂಗೈಯಗಲ ಬೊಬ್ಬೆ. ಟವೆಲು ಜರುಗಿತ್ತು. ಅವಳಿಗೆ ಏನೂ ಗೊತ್ತಾಗಿಲ್ಲ. ತನ್ನದೇ ಕಾಲನ್ನು ಬೇರೆ ಯಾರದೋ ಎಂಬಂತೆ ಬಗ್ಗಿ ನೋಡಿದಳು. ನಾನು ನೆಲದ ಮೇಲೆ ಕೂತುಬಿಟ್ಟೆ.

ಆಸ್ಪತ್ರೆಗೆ ಹೋದೆವು. ಡಾಕ್ಟರು ಬ್ಯಾಂಡೇಜು ಸುತ್ತುತ್ತ ಸಿಡುಕಿದರು. "ಸ್ಪರ್ಶ ಇಲ್ಲದ ಕಡೆ ಬಿಸಿ ಇಡಬಾರದು ಅಂತ ಬರೆದು ಕೊಟ್ಟಿಲ್ವಾ? ಯಾರಿಟ್ಟಿದ್ದು ಇದನ್ನ?"

ನಾನು ಬಾಯಿ ತೆರೆಯುವ ಮೊದಲೇ ಅವಳು, "ನಾನೇ ಇಟ್ಕೊಂಡಿದ್ದು ಡಾಕ್ಟ್ರೇ, ಮರೆತೋಯ್ತು," ಎಂದಳು.

ಬರುವಾಗ ಆಟೋದಲ್ಲಿ ಕೇಳಿದೆ, ಯಾಕೆ ಹಾಗೆ ಹೇಳಿದೆ ಎಂದು. "ನಿಮ್ಮನ್ನ ಬೈದ್ರೆ ನನ್ನ ಕಾಲು ವಾಸಿಯಾಗುತ್ತಾ?" ಎಂದು ಹೊರಗೆ ನೋಡತೊಡಗಿದಳು.

ಬರೆದು ಕೊಟ್ಟಿದ್ದರು. ಅಳತೆಗಳ ಹಾಳೆಯನ್ನು ಓದಿದ್ದೆ, ಎರಡನೆಯ ಹಾಳೆಯನ್ನು ಓದಿರಲಿಲ್ಲ.

ಫೆಬ್ರವರಿ 22, ಶನಿವಾರ

ಬಿಸಿ ಇಡದೆ ಕೋಣೆಯನ್ನು ಬೆಚ್ಚಗೆ ಮಾಡುವುದು ಹೇಗೆಂದು ವಾರವಿಡೀ ಅದೇ ಧ್ಯಾನ. ಕಿಟಕಿಯ ಚೌಕಟ್ಟಿನ ಸಂದಿಗಳಿಗೆಲ್ಲ ಉಣ್ಣೆಯ ಪಟ್ಟಿ ತುಂಬಿದೆ. ಪರದೆಗೆ ಒಳಪದರ ಕೊಟ್ಟು ನೆಲ ಮುಟ್ಟುವಷ್ಟು ಉದ್ದ ಹೊಲಿದೆ. ಕಾಲುಚೀಲಕ್ಕೆ ಒಳಗೆ ಹೊಲಿಗೆಯ ಗೆರೆ ಇರಬಾರದು, ಅದೂ ಚರ್ಮಕ್ಕೆ ಒತ್ತುತ್ತದೆ. ತಿರುಗಿಸಿ ಹೊಲಿದು ಮೂರು ಜೊತೆ ಮಾಡಿದೆ. ಬೆಳಗಿನ ಬಿಸಿಲು ನೆಲದಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಏಳರಿಂದ ಹತ್ತರವರೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಸೊಸೆ ಮಂಚದಲ್ಲಿ ಕೂತು ನೋಡುತ್ತಿದ್ದಳು.

"ಅತ್ತೆ, ಚೌಕುಳಿ ಹಾಳೆ ಇದ್ರೆ ಕೊಡಿ," ಎಂದಳು.

ಅವಳ ಕೆಲಸ ನನಗೆ ಮರೆತೇ ಹೋಗಿತ್ತು. ನೀರು ಸರಬರಾಜು ಕಚೇರಿಯಲ್ಲಿ ನೆಲದಡಿಯ ಕೊಳವೆಗಳ ನಕ್ಷೆ ಬರೆಯುವವಳು. ಊರಿಗೆ ಊರನ್ನೇ ಒಂದು ಹಾಳೆಗೆ ಇಳಿಸುವವಳಿಗೆ ಒಂದು ಕೋಣೆ ಯಾವ ಲೆಕ್ಕ. ಒಂದು ಗಂಟೆಯಲ್ಲಿ ಕೋಣೆ ಹಾಳೆಯ ಮೇಲಿತ್ತು, ನನ್ನ ಸೀಮೆಸುಣ್ಣದ ಬಿಸಿಲಿನ ಸಮೇತ. ಕುರ್ಚಿಗೆಂದು ಗುಂಡಗೆ ಒಂದು ರಟ್ಟು ಕತ್ತರಿಸಿ, ಅದನ್ನು ಹಾಳೆಯ ಮೇಲೆ ಉರುಳಿಸುತ್ತ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಿದಳು.

ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿದ್ದಳು.

"ಹೀಗಿಟ್ರೆ ಅಡುಗೆಮನೆಯಿಂದ ನೀನು ಕಾಣಲ್ಲ," ಎಂದೆ.

"ನಾನು ಕಾಣಿಸ್ಬೇಕಾ ಅತ್ತೆ, ನನಗೆ ಕಾಣಿಸ್ಬೇಕಾ?"

ಮಧ್ಯಾಹ್ನ ಇಬ್ಬರೂ ಸೇರಿ ಮಂಚ ತಿರುಗಿಸಿದೆವು. ನಾನು ತಳ್ಳಿದೆ, ಅವಳು ಎಲ್ಲಿ ನಿಲ್ಲಿಸಬೇಕೆಂದು ಹೇಳಿದಳು. ಗಂಟೆಯ ತಂತಿ ಅಲ್ಲಿಯವರೆಗೆ ಬರಲಿಲ್ಲ. ಬಿಚ್ಚಿಹಾಕಿದೆ.

ಮಾರ್ಚ್ 6, ಗುರುವಾರ

ನಿಧಾನಪ್ಪ ಈಗ ನನ್ನನ್ನು ಕೇಳುವುದನ್ನೇ ಬಿಟ್ಟಿದ್ದಾನೆ. ಒಳಗೆ ಬಂದವನೇ, "ಮೇಡಂ ಎಲ್ಲಿ?" ಎನ್ನುತ್ತಾನೆ. ಹೊರಗೆ ಹಾಕಿದ್ದ ಮೇಜು ಮತ್ತೆ ಒಳಗೆ ಬಂದಿದೆ. ಕುರ್ಚಿಯ ತೋಳು ಅಡಿಯಲ್ಲಿ ನುಸುಳಲೆಂದು ಮೇಜಿನ ಕಾಲಿಗೆ ಎರಡೂವರೆ ಇಂಚಿನ ದಿಮ್ಮಿ ಜೋಡಿಸಬೇಕಂತೆ.

"ಎರಡೂವರೆ ಯಾಕೆ ಮೇಡಂ, ಮೂರು ಮಾಡೋಣ."

"ಮೂರಾದ್ರೆ ನನ್ನ ಭುಜ ನೋಯುತ್ತೆ. ಕೂತು ಬರೆಯೋಳು ನಾನು."

"ಸರಿ ಸರಿ. ಅಕ್ಕ, ನಿಮ್ಮ ಸೊಸೆ ನಿಮಗಿಂತ ಒಂದು ಕೈ ಮೇಲೆ."

"ನಿನ್ನ ನಿಧಾನಕ್ಕೆ ನಾವಿಬ್ಬರೂ ಬೇಕು," ಎಂದೆ ನಾನು. ಅವಳು ನಕ್ಕಳು. ಸದ್ದಿಲ್ಲದ ನಗು, ಹಲ್ಲು ಕಂಡಿತು ಅಷ್ಟೆ. ನಿಧಾನಪ್ಪ ತನ್ನ ಮಾತಿಗೇ ನಕ್ಕಳೆಂದು ತಿಳಿದು ದಿನವಿಡೀ ಹಿಗ್ಗಿದ.

ಗೋಡೆಯ ಹಳದಿ ಅವಳಿಗೆ ಹಿಡಿಸಿಲ್ಲ. ಆಸ್ಪತ್ರೆಯ ಬಣ್ಣ ಎಂದಳು. ಬದಲಾಯಿಸೋಣ ಎಂದೆ. ಮೂರು ತಿಂಗಳಿಗೆ ಯಾಕೆ ಸುಮ್ಮನೆ ಎಂದಳು.

ಮಾರ್ಚ್ 19, ಬುಧವಾರ

ಅವಳ ಅಣ್ಣ ಒಂದು ಪೆಟ್ಟಿಗೆ ಕಳಿಸಿದ್ದಾನೆ. ಕಾರಿನಲ್ಲಿ ಸಿಕ್ಕ ವಸ್ತುಗಳು, ಪೊಲೀಸರು ಈಗ ಬಿಟ್ಟುಕೊಟ್ಟಿದ್ದಾರೆ. ಒಂದು ಕೊಡೆ, ಅವಳ ಚಪ್ಪಲಿ, ನನ್ನ ಮಗನ ಕನ್ನಡಕದ ಡಬ್ಬಿ, ಅವನ ಫೋನು. ಫೋನಿನ ಗಾಜು ಸೀಳಿದೆ. ಸೊಸೆ ಅದನ್ನು ಚಾರ್ಜಿಗೆ ಹಾಕಿದಳು. ಅದಕ್ಕೆ ಜೀವ ಬಂತು.

ನಾನು ಹಿತ್ತಲಿಗೆ ಬಂದು ಕೂತಿದ್ದೇನೆ. ಈ ಪುಸ್ತಕದಲ್ಲಿ ಎಲ್ಲ ಬರೆದಿದ್ದೇನೆ, ಒಂದನ್ನು ಬಿಟ್ಟು.

ಆ ದಿನ ಸಂಜೆ ನಾಲ್ಕೂವರೆಗೆ ನಾನು ಅವನಿಗೆ ಫೋನ್ ಮಾಡಿದ್ದೆ. ಹಿತ್ತಲಿನ ಟ್ಯಾಂಕು ಸೋರಿ ಗೋಡೆ ನೆನೆಯುತ್ತಿದೆ, ಕತ್ತಲಾಗುವುದರೊಳಗೆ ಬಂದು ನೋಡು, ನಿಮ್ಮದು ಯಾವಾಗಲೂ ತಡವೇ ಎಂದೆ. ಹೊರಟಿದ್ದೇವೆ ಅಮ್ಮ ಎಂದ. ಐದಕ್ಕೆ ಮತ್ತೆ ಮಾಡಿದೆ. ಎಲ್ಲಿದ್ದೀರಿ, ಎಲ್ಲೂ ನಿಲ್ಲಬೇಡಿ, ನೇರ ಬನ್ನಿ ಎಂದೆ. ಆರು ಗಂಟೆಗೆ ಲಾರಿ.

ನೀರು ಸೋರುವ ಟ್ಯಾಂಕು. ಬೆಳಿಗ್ಗೆಯವರೆಗೆ ಸೋರಿದ್ದರೆ ಏನಾಗುತ್ತಿತ್ತು? ಇಷ್ಟು ತಿಂಗಳು ಸೋರುತ್ತಲೇ ಇದೆ, ಏನಾಗಿದೆ?

ಕಾರು ಓಡಿಸುತ್ತಿದ್ದವಳು ಅವಳು ಎಂದು ಎಲ್ಲರಿಗೂ ಹೇಳಿಕೊಂಡು ಬಂದವಳು ನಾನು. ಫೋನ್ ಮಾಡಿದವಳು ನಾನು ಎಂದು ಯಾರಿಗೂ ಹೇಳಿಲ್ಲ.

ಮಾರ್ಚ್ 21, ಶುಕ್ರವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಅವಳು ಬಿಸಿಲಿನಲ್ಲಿ ಕೂತು ತಲೆ ಒರೆಸಿಕೊಳ್ಳುತ್ತಿದ್ದಳು. ಮುಂದೆ ಹೋಗಿ ನಿಂತೆ. ಆ ದಿನ ನಾನು ಎರಡು ಸಲ ಫೋನ್ ಮಾಡಿದ್ದೆ ಎಂದೆ.

"ಗೊತ್ತು ಅತ್ತೆ," ಎಂದಳು. "ಸ್ಪೀಕರಲ್ಲಿತ್ತು. ಇಬ್ಬರೂ ಕೇಳಿಸಿಕೊಂಡ್ವಿ."

ಟವೆಲನ್ನು ಮಡಿಲಲ್ಲಿಟ್ಟು ಮಡಚತೊಡಗಿದಳು. ಮಡಚಿದ್ದನ್ನು ಬಿಚ್ಚಿದಳು, ಮತ್ತೆ ಮಡಚಿದಳು.

"ಅವರಿಗೆ ಬೆಳಿಗ್ಗೆಯಿಂದ ತಲೆನೋವು, ಅದಕ್ಕೇ ನಾನು ಓಡಿಸ್ತಿದ್ದೆ. ನನಗೂ ಸುಸ್ತಾಗಿತ್ತು. ದಾರೀಲಿ ಟೀ ಕುಡಿದು ಹೋಗೋಣ ಅಂದೆ. ಅಮ್ಮ ಕಾಯ್ತಿದ್ದಾಳೆ, ಬೇಡ ಅಂದ್ರು. ಆದ್ರೆ ಸ್ಟೇರಿಂಗ್ ನನ್ನ ಕೈಲಿತ್ತಲ್ವಾ. ನಿಲ್ಲಿಸ್ಬಹುದಿತ್ತು ನಾನು. ನಿಲ್ಲಿಸಲಿಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ? ನಾನು ನಿನ್ನನ್ನ ಹೇಗೆಲ್ಲಾ ನೋಡ್ದೆ. ಒಂದು ಮಾತು ನನ್ನ ಮುಖಕ್ಕೆ ಎಸೆಯೋದಲ್ವಾ?"

"ಎಸೆದು ಏನು ಮಾಡ್ಲಿ? ನಿಮಗೆ ಅರ್ಧ ಕೊಟ್ರೆ ನನ್ನದು ಅರ್ಧ ಆಗುತ್ತಾ? ಆಗಲ್ಲ ಅತ್ತೆ. ನನ್ನದು ಅಷ್ಟೇ ಇರುತ್ತೆ, ನಿಮ್ಮದೂ ಅಷ್ಟೇ ಆಗುತ್ತೆ."

ನಾನು ಮಂಚದ ಮೇಲೆ ಕೂತೆ. ಇಪ್ಪತ್ತು ಇಂಚು. ಅವಳ ಕುರ್ಚಿಯೂ ಅಷ್ಟೇ. ನಮ್ಮಿಬ್ಬರ ಮುಖ ಒಂದೇ ಎತ್ತರದಲ್ಲಿತ್ತು. ಅವನು ಹೋದ ಮೇಲೆ ನಾನು ಒಬ್ಬರೆದುರು ಅತ್ತದ್ದು ಇವತ್ತೇ. ಅವಳೂ ಅತ್ತಳು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ. ಬಿಸಿಲು ಮಂಚ ಬಿಟ್ಟು ಮೇಜಿನ ಕಡೆ ಸರಿಯುವವರೆಗೆ ಹಾಗೇ ಕೂತಿದ್ದೆವು.

ಮಾರ್ಚ್ 24, ಸೋಮವಾರ

ಟ್ಯಾಂಕಿನ ಪೈಪು ರಿಪೇರಿ ಮಾಡಿಸಿದೆ. ಕಾಲು ಗಂಟೆಯ ಕೆಲಸ.

ಏಪ್ರಿಲ್ 8, ಮಂಗಳವಾರ

ಗೋಡೆಗೆ ಬಣ್ಣ. ಅವಳು ಆರಿಸಿದ್ದು ಸುಟ್ಟ ಇಟ್ಟಿಗೆಯ ಬಣ್ಣ, ಒಂದು ಗೋಡೆಗೆ ಮಾತ್ರ. ಕತ್ತಲಾಗಿ ಕಾಣುತ್ತದೆ ಎಂದು ನಾನು ವಾದ ಮಾಡಿದೆ. ಸೋತೆ. ಬೆಳಗಿನ ಬಿಸಿಲು ಬಿದ್ದಾಗ ಕೋಣೆಯೊಳಗೆ ಒಲೆ ಹಚ್ಚಿದ ಹಾಗೆ ಕಾಣುತ್ತದೆ. ಅವಳಿಗೆ ಇನ್ನೂ ಹೇಳಿಲ್ಲ.

ಬೀರುವಿನಿಂದ ಅವನ ಅಂಗಿಗಳನ್ನು ಇಬ್ಬರೂ ಕೂತು ತೆಗೆದೆವು. ಅವಳು ನಾಲ್ಕು ಇಟ್ಟುಕೊಂಡಳು, ನಾನು ಎರಡು. ಅವನು ಮಲಗುತ್ತಿದ್ದದ್ದು ಕಿಟಕಿಯ ಬದಿಯಂತೆ. ಬೇಡವೆಂದರೂ ಹೊದಿಕೆಯೆಲ್ಲ ತನ್ನ ಕಡೆಗೇ ಎಳೆದುಕೊಳ್ಳುತ್ತಿದ್ದನಂತೆ. ಚಿಕ್ಕವನಿದ್ದಾಗಲೂ ಹಾಗೇ ಎಂದೆ. ಇಬ್ಬರಿಗೂ ನಗು ಬಂತು.

ಏಪ್ರಿಲ್ 27, ಭಾನುವಾರ

ಅಣ್ಣ ಬಂದಿದ್ದ. ಮನೆ ಸಿಕ್ಕಿತಂತೆ. ನೆಲಮಹಡಿ, ಅವನ ಬೀದಿಯಲ್ಲೇ, ಅವಳ ಕಚೇರಿಯಿಂದ ಹತ್ತು ನಿಮಿಷದ ದಾರಿ. ಕಚೇರಿಯವರೂ ಜೂನ್‌ನಲ್ಲಿ ಕೆಲಸಕ್ಕೆ ಬರಬಹುದು ಎಂದಿದ್ದಾರೆ. ಹೇಳಿದ ಮೂರು ತಿಂಗಳಿಗೆ ಸರಿಯಾಗಿ ಬಂದಿದ್ದಾನೆ. ನಾನು ಮೆಚ್ಚಬೇಕಿತ್ತು.

"ಬಾಗಿಲು ಎಷ್ಟು ಇಂಚು?" ಎಂದೆ.

"ಬಾಗಿಲಾ? ಇರುತ್ತೆ ಅಮ್ಮ, ಎಲ್ಲ ಮನೇಲೂ ಇರೋ ಹಾಗೆ."

"ಎಲ್ಲ ಮನೇಲಿ ಇರೋ ಹಾಗಿದ್ರೆ ಅವಳು ಹೊರಗೇ ಇರ್ತಾಳೆ. ಬಚ್ಚಲಿನ ಬಾಗಿಲು? ಹೊಸ್ತಿಲು ಇದೆಯಾ? ಮಂಚದ ಪಕ್ಕ ಐದಡಿ ಸಿಗುತ್ತಾ? ಕಿಟಕಿ ಯಾವ ಕಡೆಗೆ?"

ಅವನು ತಂಗಿಯ ಮುಖ ನೋಡಿದ.

"ಏನೂ ಗೊತ್ತಿಲ್ಲದೆ ಹೇಗೆ ಕಳಿಸ್ಲಿ? ಇಲ್ಲೇ ಇರ್ತಾಳೆ ಅವಳು," ಎಂದೆ. ನನ್ನ ದನಿ ಏರಿತ್ತು.

ಆಗ ಅವಳು ಮಾತಾಡಿದಳು. "ಇಬ್ಬರೂ ಒಂದು ನಿಮಿಷ ಸುಮ್ಮನಿರ್ತೀರಾ? ನನ್ನನ್ನ ಯಾರೂ ಇನ್ನೂ ಕೇಳಲಿಲ್ಲ."

ಕೇಳಿದೆವು. ನಾಳೆ ಹೇಳುತ್ತೇನೆ ಎಂದು ಚಕ್ರ ತಿರುಗಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಏಪ್ರಿಲ್ 28, ಸೋಮವಾರ

ಹೋಗುತ್ತಾಳೆ.

ತಟ್ಟಿ ಒಳಗೆ ಹೋದೆ. ಮೇಜಿನ ಮುಂದಿದ್ದಳು. "ಕೆಲಸ ಬೇಕು ಅತ್ತೆ ನನಗೆ," ಎಂದಳು. "ಇಲ್ಲಿದ್ರೆ ನೀವು ನನ್ನ ಚೆನ್ನಾಗಿ ನೋಡ್ಕೊಳ್ತೀರಿ. ಅದೇ ನನಗೆ ಭಯ."

ಹೂಂ ಎಂದೆ. ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತೆ, ಹೊಲಿಯುವುದು ಏನೂ ಇರಲಿಲ್ಲ. ಮಧ್ಯಾಹ್ನ ಅಣ್ಣನಿಗೆ ಫೋನ್ ಮಾಡಿ, ಮನೆಯ ಮಾಲೀಕರು ಬಾಗಿಲು ಒಡೆಯಲು ಒಪ್ಪುತ್ತಾರೋ ಮೊದಲು ಕೇಳು ಎಂದೆ. ಒಪ್ಪಿದ್ದಾರಂತೆ. ನಿಧಾನಪ್ಪನಿಗೆ ಹೇಳಿ ಕಳಿಸಿದೆ.

ಮೇ 11, ಭಾನುವಾರ

ಆ ಮನೆ ಅಳೆದು ಬಂದೆವು. ಅಣ್ಣ ಕಾರು ತಂದಿದ್ದ. ಅವಳು ಮುಂದೆ, ನಾನು ಮತ್ತು ನಿಧಾನಪ್ಪ ಹಿಂದೆ. ಲಾರಿ ನಿಂತಿದ್ದ ಆ ರಸ್ತೆಯನ್ನು ಆ ದಿನದಿಂದ ನಾನು ನೋಡಿರಲಿಲ್ಲ. ಅರ್ಧ ದಾರಿಯಲ್ಲಿ ಅವಳು ಹಿಂದಕ್ಕೆ ತಿರುಗದೆಯೇ ಕೈಯನ್ನು ಸೀಟಿನ ಪಕ್ಕದಿಂದ ನನ್ನ ಕಡೆಗೆ ಚಾಚಿದಳು. ಹಿಡಿದುಕೊಂಡೆ. ಹೊರಗೆ ಒಂದು ಮೋಟು ಗೋಡೆ, ಬೇಲಿ, ಮೇಯುತ್ತಿದ್ದ ಎರಡು ಆಡು. ಉಳಿದಂತೆ ರಸ್ತೆ ರಸ್ತೆಯ ಹಾಗೇ ಇತ್ತು. ಅಣ್ಣ ಅಷ್ಟು ದೂರ ಒಂದೂ ಮಾತಾಡಲಿಲ್ಲ, ಪಾಪ.

ಮನೆ ಪರವಾಗಿಲ್ಲ. ಮಲಗುವ ಕೋಣೆ ನಮ್ಮದಕ್ಕಿಂತ ಒಂದಡಿ ಚಿಕ್ಕದು, ಆದರೆ ಕಿಟಕಿ ದೊಡ್ಡದು. ನಾನು ಅಳತೆ ಕೂಗಿದೆ, ಅವಳು ಬರೆದುಕೊಂಡಳು. ನಿಧಾನಪ್ಪ ಮೊಣಕೈ ಚಾಚಿ ಎಲ್ಲ ಬಾಗಿಲು ದಾಟಿ ನೋಡಿದ. ಮಾಲೀಕರ ಹೆಂಡತಿ ಅವನಿಗೇನೋ ಆಗಿದೆಯೆಂದು ಗಾಬರಿಯಾದಳು.

ಜೂನ್ 12, ಗುರುವಾರ

ನಾಲ್ಕು ದಿನದಿಂದ ಇಲ್ಲೇ ಇದ್ದೇನೆ, ಅವಳ ಮನೆಯಲ್ಲಿ. ನಿಧಾನಪ್ಪ ಬಾಗಿಲು ಕೂರಿಸಿ ನಿನ್ನೆ ಹೋದ. ಪರದೆ ಮುಗಿಯಿತು. ಮಂಚ, ಮೇಜು ನನ್ನ ಮನೆಯಿಂದಲೇ ತಂದೆವು. ಕೆಲಸದವಳೊಬ್ಬಳು ಬೆಳಿಗ್ಗೆ ಸಂಜೆ ಬರುತ್ತಾಳೆ. ಅಣ್ಣನ ಮನೆ ಕೂಗಳತೆಯಲ್ಲಿದೆ. ನನ್ನ ಅಗತ್ಯ ಇಲ್ಲಿ ಬಹಳ ದಿನ ಇಲ್ಲ, ಹಾಗಿರಬೇಕೆಂದೇ ಮಾಡಿದ್ದು.

ಮಾಲೀಕರ ಹೆಂಡತಿ ಬಂದು ಕೂತಿದ್ದಳು. ಮಾತಿನ ನಡುವೆ, "ನೀವು ಅವರ ತಾಯಿನಾ?" ಎಂದಳು.

"ಅಲ್ಲ, ಅತ್ತೆ. ಮಗ ತೀರಿಹೋದ, ನವೆಂಬರ್‌ನಲ್ಲಿ. ನಾನು ಬೇಗ ಬನ್ನಿ ಅಂತ ಅವಸರ ಮಾಡಿದ್ದೆ, ಇವಳು ಓಡಿಸ್ತಿದ್ಲು, ರಸ್ತೇಲಿ ಲಾರಿ ನಿಂತಿತ್ತು," ಎಂದೆ.

ಆಕೆಗೆ ಚಹಾ ಕೊಟ್ಟೆ.

ಜೂನ್ 16, ಸೋಮವಾರ

ಇವತ್ತು ಕೆಲಸಕ್ಕೆ ಹೋದಳು. ಎಂಟೂವರೆಗೆ ವ್ಯಾನು ಬಂತು. ತಾನೇ ಎದ್ದು, ತಾನೇ ಸ್ನಾನ ಮಾಡಿ, ಬೀರುವಿನಿಂದ ತಾನೇ ಬಟ್ಟೆ ತೆಗೆದುಕೊಂಡು ಸಿದ್ಧವಾಗಲು ಎರಡು ಗಂಟೆ ಹಿಡಿಯಿತು. ನಾನು ಪಕ್ಕದ ಕೋಣೆಯಲ್ಲಿ ಕೂತು ಒಂದೊಂದೇ ಸದ್ದು ಕೇಳುತ್ತಿದ್ದೆ. ಒಳಗೆ ಹೋಗಲಿಲ್ಲ.

ಸಂಜೆ ಸಿಡಿಮಿಡಿ ಎನ್ನುತ್ತ ಬಂದಳು. ಯಾರೋ ಹಿಂದಿನಿಂದ ಬಂದು ಕೇಳದೆ ಕುರ್ಚಿ ತಳ್ಳಿದನಂತೆ. ಇನ್ನೊಬ್ಬಳು ಮಗುವಿನ ಜೊತೆ ಮಾತಾಡುವ ಹಾಗೆ ಬಗ್ಗಿ ಮಾತಾಡಿದಳಂತೆ. ಅವಳು ಇಲ್ಲದಾಗ ಯಾರೋ ಒಂದು ಇಡೀ ಬೀದಿಯ ಕೊಳವೆಯನ್ನು ತಪ್ಪು ಕಡೆ ಬರೆದಿಟ್ಟಿದ್ದಾರಂತೆ. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಎರಡು ಸಲ ಬಡಿಸಿಕೊಂಡು ಉಂಡಳು. ಕೈತೊಳೆದು ಕೋಣೆಗೆ ಹೋಗುತ್ತ ಬಾಗಿಲಲ್ಲಿ ತಿರುಗಿದಳು.

"ಅತ್ತೆ, ನನ್ನ ನೀಲಿ ಅಂಗಿ ನಾಳೆಗೆ ಇಸ್ತ್ರಿ ಮಾಡಿಡ್ತೀರಾ? ನನಗೆ ಸುಸ್ತಾಗಿದೆ."

ಇಷ್ಟು ತಿಂಗಳಲ್ಲಿ ತನ್ನ ಕೆಲಸ ಮಾಡಿಕೊಡಿ ಎಂದು ಅವಳು ನನ್ನನ್ನು ಒಂದು ಸಲವೂ ಕೇಳಿರಲಿಲ್ಲ.

ಮಾಡಿಟ್ಟೆ. ಕಾಲರಿನ ಒಳಗೆ ಎರಡು ಇಂಚು ಹೊಲಿಗೆ ಬಿಟ್ಟಿತ್ತು, ಅದನ್ನೂ ಹಾಕಿದೆ.